ಸಾಕುಮನೆ: ಧರ್ಮಸಭೆಯ ಚರಿತ್ರೆಯಲ್ಲಿ ಅನಾಥ ಶಿಶುವೂ ಕ್ರೈಸ್ತ ಕುಟುಂಬವೂ

ನಮ್ಮ ದೇವಾಲಯಕ್ಕೆ ನೂರು ವರ್ಷ ತುಂಬಿದ ಈ ಸಂದರ್ಭದಲ್ಲಿ ಸ್ಮರಣ ಸಂಚಿಕೆಗಾಗಿ ಒಂದು ಚಾರಿತ್ರಿಕ ಲೇಖನವನ್ನು ಬರೆದುಕೊಡಬೇಕೆಂದು ಸಮಿತಿಯವರು ಕೇಳಿಕೊಂಡರು. ಗೋಪುರ, ಗಂಟೆ, ಬಲಿಪೀಠ, ಇಲ್ಲಿ ಸೇವೆ ಸಲ್ಲಿಸಿದ ಗುರುಗಳ ಪಟ್ಟಿ, ಇವೆಲ್ಲವನ್ನೂ ಕುರಿತು ಇತರರು ಬರೆದಿದ್ದಾರೆ. ನಾನು ಬೇರೊಂದು ವಿಷಯವನ್ನು ಆರಿಸಿಕೊಂಡಿದ್ದೇನೆ. ಅದಕ್ಕೆ ಕಾರಣ ನಮ್ಮ ಕಛೇರಿಯ ಬೀರುವಿನಲ್ಲಿರುವ ಜ್ಞಾನಸ್ನಾನದ ಮೊದಲನೆಯ ದಾಖಲೆ ಪುಸ್ತಕ.

ಆ ಪುಸ್ತಕವು ಲತೀನ್ ಭಾಷೆಯಲ್ಲಿದೆ. ಅಂಚುಗಳನ್ನು ಹುಳು ತಿಂದಿದ್ದರೂ ಮಸಿ ಮಾಸಿಲ್ಲ. ತಂದೆಯ ಹೆಸರು, ತಾಯಿಯ ಹೆಸರು ಎಂದು ಸಾಲಾಗಿ ಬರುವ ದಾಖಲೆಗಳ ನಡುವೆ ಒಂದೆಡೆ ‘ಪರೆಂತಿಬುಸ್ ಇಗ್ನೋತಿಸ್’ ಎಂದಿದೆ. ತಂದೆತಾಯಿ ಯಾರೆಂದು ತಿಳಿಯದು ಎಂಬುದು ಅದರ ಅರ್ಥ. ಅದರ ಕೆಳಗೆ ಜ್ಞಾನತಾಯಿಯ ಹೆಸರಿದೆ. ಊರಿನ ಹಿರಿಯರನ್ನು ವಿಚಾರಿಸಿದಾಗ, ಆ ಶಿಶುವನ್ನು ಎದೆಗೆತ್ತಿಕೊಂಡು ಸಾಕಿದವಳೂ ಆ ಜ್ಞಾನತಾಯಿಯೇ ಎಂದು ತಿಳಿದುಬಂತು. ಆ ಕುಟುಂಬದ ಮೊಮ್ಮಕ್ಕಳು ಇಂದಿಗೂ ನಮ್ಮ ನಡುವೆ ಇರುವುದರಿಂದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಪುಟದ ಅಂಚಿನಲ್ಲಿ ಬೇರೊಬ್ಬ ಗುರುಗಳ ಕೈಬರಹದಲ್ಲಿ ಆ ಮಗುವಿನ ಮದುವೆಯ ದಾಖಲೆಯೂ ಇದೆ. ಬಂದ ದಾರಿ ತಿಳಿಯದ ಒಂದು ಜೀವ ಒಂದು ಮನೆಯೊಳಗೆ ಸೇರಿ, ಬೆಳೆದು, ತನ್ನದೇ ಮನೆಯನ್ನು ಕಟ್ಟಿಕೊಂಡ ವೃತ್ತಾಂತವು ಎರಡು ಸಾಲುಗಳಲ್ಲಿ ಅಡಗಿದೆ.

ಸಂತ ಜೋಸೆಫರನ್ನು ನಾವು ಪ್ರಾರ್ಥನೆಗಳಲ್ಲಿ ಯೇಸುಸ್ವಾಮಿಯ ಸಾಕುತಂದೆ ಎಂದೇ ಕರೆಯುತ್ತೇವೆ. 1870ನೆಯ ಇಸವಿ ಡಿಸೆಂಬರ್ 8ರಂದು ಜಗದ್ಗುರು ಒಂಬತ್ತನೆಯ ಪಿಯುಸರು ಅವರನ್ನು ವಿಶ್ವ ಧರ್ಮಸಭೆಯ ಪಾಲಕರೆಂದು ಘೋಷಿಸಿದರು. ಈ ಪದವಿಗೆ ಪ್ರೇಷಿತರಾಗಲಿ ವೇದಪಾರಂಗತರಾಗಲಿ ಆಯ್ಕೆಯಾಗಲಿಲ್ಲ, ತಾನು ಹುಟ್ಟಿಸದ ಮಗುವಿಗೆ ಹೆಸರಿಟ್ಟು, ಅನ್ನವಿಟ್ಟು, ಬಡಗಿಯ ಕೆಲಸ ಕಲಿಸಿದ ಒಬ್ಬ ಗೃಹಸ್ಥರು ಆಯ್ಕೆಯಾದರು. ಹಳೆಯ ಒಡಂಬಡಿಕೆಯಲ್ಲೂ ಇಂಥವರಿದ್ದಾರೆ. ಮೋಶೆಯು ಫರೋಹನ ಮಗಳ ಕೈಯಲ್ಲಿ ಬೆಳೆದನು, ಎಸ್ತೇರಳನ್ನು ಸೋದರ ಸಂಬಂಧಿಯಾದ ಮೊರ್ದೆಕೈಯು ಮಗಳಂತೆ ಸಾಕಿದನು. ಯಶೋದೆಯ ಕಥೆಯನ್ನು ಕೇಳುತ್ತ ಬೆಳೆದ ನಮ್ಮ ನಾಡಿನ ಜನರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಆದಿ ಕ್ರೈಸ್ತರ ಕಾಲಕ್ಕೆ ಬರೋಣ. ರೋಮ್ ಸಾಮ್ರಾಜ್ಯದಲ್ಲಿ ಹುಟ್ಟಿದ ಶಿಶುವನ್ನು ಮನೆಯ ಯಜಮಾನನು ಒಪ್ಪಿಕೊಳ್ಳದಿದ್ದರೆ ಅದನ್ನು ಬೀದಿಯಲ್ಲೋ ಕಸದ ಗುಡ್ಡೆಯ ಮೇಲೋ ಇಟ್ಟುಬಿಡುವ ರೂಢಿಯಿತ್ತು. ಹೆಣ್ಣುಮಕ್ಕಳು, ಅಂಗವಿಕಲ ಮಕ್ಕಳು ಹೆಚ್ಚಾಗಿ ಈ ಗತಿಗೆ ಒಳಗಾಗುತ್ತಿದ್ದರು. ಇಂಥ ಮಕ್ಕಳನ್ನು ಎತ್ತಿಕೊಂಡು ಹೋಗುವವರೂ ಇದ್ದರು, ಆದರೆ ದಯೆಯಿಂದಲ್ಲ, ಗುಲಾಮರನ್ನಾಗಿ ಮಾರುವುದಕ್ಕೆ ಅಥವಾ ವೇಶ್ಯಾವೃತ್ತಿಗೆ ಬೆಳೆಸುವುದಕ್ಕೆ. ಎರಡನೆಯ ಶತಮಾನದಲ್ಲಿ ಧರ್ಮಸಾಕ್ಷಿ ಸಂತ ಜಸ್ಟಿನರು ಚಕ್ರವರ್ತಿಗೆ ಬರೆದ ಸಮರ್ಥನೆಯಲ್ಲಿ ಇದನ್ನು ಮುಚ್ಚುಮರೆಯಿಲ್ಲದೆ ಖಂಡಿಸಿದ್ದಾರೆ. ಭಾನುವಾರದ ಕೂಟದಲ್ಲಿ ಸಂಗ್ರಹವಾದ ಕಾಣಿಕೆಯು ಅನಾಥರಿಗೂ ವಿಧವೆಯರಿಗೂ ಸಲ್ಲುತ್ತಿತ್ತೆಂದು ಅದೇ ಗ್ರಂಥದಿಂದ ನಮಗೆ ತಿಳಿದಿದೆ. ಕಾರ್ಥೇಜಿನ ತೆರ್ತುಲ್ಲಿಯನ್ ಸಹ ಸಭೆಯ ಪೆಟ್ಟಿಗೆಯ ಹಣವು ತಂದೆತಾಯಿಗಳಿಲ್ಲದ ಹುಡುಗ ಹುಡುಗಿಯರಿಗೆ ವೆಚ್ಚವಾಗುತ್ತಿತ್ತೆಂದು ಹೇಳುತ್ತಾರೆ. ನಮ್ಮ ಸಂತ ವಿನ್ಸೆಂಟ್ ದೆ ಪೌಲರ ಸಭೆಯ ಗುಪ್ತ ಕಾಣಿಕೆಯ ಚೀಲಕ್ಕೆ ಇಷ್ಟು ಹಳೆಯ ವಂಶಾವಳಿಯಿದೆ ಎಂಬುದನ್ನು ಅದರ ಸದಸ್ಯರು ತಿಳಿದರೆ ಸಂತೋಷಪಟ್ಟಾರು.

ಆದರೆ ಹಣ ಕೊಡುವುದೊಂದು, ಮನೆ ಕೊಡುವುದು ಇನ್ನೊಂದು. ಕ್ರಿ.ಶ. 203ರ ಮಾರ್ಚ್ 7ರಂದು ಕಾರ್ಥೇಜಿನ ರಂಗಭೂಮಿಯಲ್ಲಿ ಸಂತ ಪೆರ್ಪೆತುವಾ ಮತ್ತು ಸಂತ ಫೆಲಿಸಿತಾ ಪ್ರಾಣಾರ್ಪಣೆ ಮಾಡಿದರು. ಬಲಿಪೂಜೆಯ ಪ್ರಾರ್ಥನೆಯಲ್ಲಿ ಅವರ ಹೆಸರನ್ನು ನಾವು ಕೇಳುತ್ತೇವೆ. ಫೆಲಿಸಿತಾ ಒಬ್ಬ ದಾಸಿ. ಸೆರೆಮನೆಯಲ್ಲಿ ಎಂಟನೆಯ ತಿಂಗಳಲ್ಲೇ ಆಕೆಗೆ ಹೆಣ್ಣುಮಗು ಜನಿಸಿತು. ಆ ಮಗು ಏನಾಯಿತು? ಕ್ರೈಸ್ತ ಸಹೋದರಿಯೊಬ್ಬಳು ಅದನ್ನು ತನ್ನ ಸ್ವಂತ ಮಗಳಾಗಿ ಬೆಳೆಸಿದಳೆಂದು ಅವರ ಮರಣದ ವೃತ್ತಾಂತವು ಒಂದೇ ವಾಕ್ಯದಲ್ಲಿ ಹೇಳಿ ಮುಂದಕ್ಕೆ ಸಾಗುತ್ತದೆ. ಆ ಸಹೋದರಿಯ ಹೆಸರಿಲ್ಲ. ರಾಜದ್ರೋಹದ ಅಪವಾದ ಹೊತ್ತು ಸತ್ತ ದಾಸಿಯ ಮಗುವನ್ನು ಆ ದಿನಗಳಲ್ಲಿ ಮನೆಯೊಳಗೆ ಕರೆದುಕೊಳ್ಳುವುದೆಂದರೆ ಅಪಾಯವನ್ನೇ ಕರೆದುಕೊಂಡಂತೆ. ಧರ್ಮಸಾಕ್ಷಿಗಳ ಹಬ್ಬವನ್ನು ಆಚರಿಸುವಾಗ ನನಗೆ ಆ ಹೆಸರಿಲ್ಲದ ಹೆಂಗಸಿನ ನೆನಪು ಬಾರದಿರುವುದಿಲ್ಲ.

ಅದಕ್ಕೆ ಒಂದು ವರ್ಷದ ಹಿಂದೆ ಅಲೆಕ್ಸಾಂದ್ರಿಯದಲ್ಲಿ ಲಿಯೋನಿದಾಸ್ ಎಂಬವರು ಶಿರಚ್ಛೇದನಕ್ಕೆ ಗುರಿಯಾದರು, ಆಸ್ತಿಯೆಲ್ಲ ಸರ್ಕಾರದ ವಶವಾಯಿತು. ಹೆಂಡತಿ ಮತ್ತು ಏಳು ಗಂಡುಮಕ್ಕಳು ಬೀದಿಗೆ ಬಿದ್ದರು. ಹದಿನೇಳೂ ತುಂಬದ ಹಿರಿಯ ಮಗನಿಗೆ ಒಬ್ಬ ಶ್ರೀಮಂತ ಮಹಿಳೆ ಆಶ್ರಯವಿತ್ತಳು. ಆ ಹುಡುಗನೇ ಮುಂದೆ ಮಹಾವಿದ್ವಾಂಸನಾದ ಒರಿಜೆನ್. ಇತಿಹಾಸಕಾರ ಯೂಸೇಬಿಯಸರು ಇನ್ನೂ ಒಂದು ಸಂಗತಿಯನ್ನು ಸೇರಿಸುತ್ತಾರೆ. ಆ ಮಹಿಳೆ ಪಾಷಂಡ ಬೋಧಕನೊಬ್ಬನನ್ನೂ ಮನೆಯಲ್ಲಿರಿಸಿಕೊಂಡಿದ್ದಳು, ಹುಡುಗನಾದರೋ ಅವನೊಡನೆ ಪ್ರಾರ್ಥನೆಗೆ ನಿಲ್ಲಲು ಒಪ್ಪಲಿಲ್ಲ. ಆಶ್ರಯ ಕೊಟ್ಟ ಮನೆಯಲ್ಲಿಯೂ ಹರೆಯದ ಮಕ್ಕಳು ತಮ್ಮ ಹಟವನ್ನು ಬಿಡುವುದಿಲ್ಲ. ಸಾಕುಮಕ್ಕಳನ್ನು ಬೆಳೆಸಿದವರಿಗೆ ಇದೇನೂ ಹೊಸ ಮಾತಲ್ಲ.

ಮೂರನೆಯ ಶತಮಾನದ ಸಿರಿಯಾ ದೇಶದಲ್ಲಿ ರಚಿತವಾದ ‘ದಿದಸ್ಕಾಲಿಯ’ ಎಂಬ ಗ್ರಂಥವು ಈ ವಿಷಯಕ್ಕೆ ಒಂದು ಕಟ್ಟಳೆಯನ್ನೇ ಮಾಡಿದೆ. ಕ್ರೈಸ್ತನ ಮಗು ಅನಾಥವಾದರೆ, ಮಕ್ಕಳಿಲ್ಲದ ಸಹೋದರನು ಆ ಗಂಡುಮಗುವನ್ನು ಮಗನ ಸ್ಥಾನದಲ್ಲಿ ಸ್ವೀಕರಿಸಬೇಕು. ಹೆಣ್ಣುಮಗುವಾದರೆ ಗಂಡುಮಗನಿರುವವನು ಅವಳನ್ನು ಸಾಕಿ, ಕಾಲ ಬಂದಾಗ ತನ್ನ ಮಗನಿಗೆ ತಂದುಕೊಳ್ಳಬೇಕು. ಈ ಎರಡನೆಯ ಮಾತು ಇಂದಿಗೆ ಒಪ್ಪುವಂಥದಲ್ಲ, ಆ ಕಾಲಕ್ಕೆ ಹೆಣ್ಣಿನ ಭದ್ರತೆ ಬೇರೆ ಯಾವುದರಲ್ಲೂ ಇರಲಿಲ್ಲವಾದ್ದರಿಂದ ಹಾಗೆ ಹೇಳಿದ್ದಾರೆ. ಉಳ್ಳವರು ಶ್ರೀಮಂತರ ಸಖ್ಯವನ್ನು ಬಯಸಿ ಅನಾಥರನ್ನು ಕಡೆಗಣಿಸಿದರೆ ಅವರ ಸಂಪತ್ತು ಅನ್ಯರ ಪಾಲಾಗುವುದೆಂಬ ಎಚ್ಚರಿಕೆಯೂ ಅಲ್ಲಿದೆ. ಸ್ಥಳೀಯ ಬಿಷಪರೇ ಇಂಥ ಮಕ್ಕಳ ವಿಚಾರದಲ್ಲಿ ಹೊಣೆಗಾರರು. ಅಂದರೆ ಮಗು ಸೇರುವುದು ಮನೆಗೆ, ನೋಡಿಕೊಳ್ಳುವ ಭಾರ ಇಡೀ ಸಭೆಗೆ.

ಕ್ರಿ.ಶ. 442ರಲ್ಲಿ ಇಂದಿನ ಫ್ರಾನ್ಸಿನ ದಕ್ಷಿಣದಲ್ಲಿರುವ ವೇಸೋನ್ ಎಂಬಲ್ಲಿ ಸೇರಿದ ಧರ್ಮಸಮ್ಮೇಳನವು ಒಂದು ನಡೆನುಡಿಯ ತೊಡಕನ್ನು ಎದುರಿಸಿತು. ಜನರು ಬೀದಿಯಲ್ಲಿ ಬಿದ್ದ ಶಿಶುಗಳನ್ನು ಎತ್ತಿಕೊಳ್ಳಲು ಹೆದರುತ್ತಿದ್ದರು. ಏಕೆಂದರೆ ಮಗು ಬದುಕಿ ಬೆಳೆದ ಮೇಲೆ ಯಾರೋ ಬಂದು ‘ನನ್ನ ಮಗುವನ್ನು ಕದ್ದೆ’ ಎಂದು ಅಪವಾದ ಹೊರಿಸುತ್ತಿದ್ದರು. ಈ ಅಂಜಿಕೆಯಿಂದ ಮಕ್ಕಳು ನಾಯಿಗಳ ಪಾಲಾಗುತ್ತಿದ್ದರು. ಸಮ್ಮೇಳನದ ಪರಿಹಾರ ಹೀಗಿತ್ತು. ಶಿಶು ಸಿಕ್ಕವನು ದೇವಾಲಯಕ್ಕೆ ತಿಳಿಸಿ ಸಾಕ್ಷಿಪತ್ರ ಪಡೆಯಬೇಕು. ಗುರುಗಳು ಭಾನುವಾರ ಬಲಿಪೀಠದಿಂದ ಅದನ್ನು ಸಾರಬೇಕು. ಹತ್ತು ದಿನಗಳೊಳಗೆ ಗುರುತು ಹೇಳಿ ಬಂದವರಿಗೆ ಮಗುವನ್ನು ಒಪ್ಪಿಸಬೇಕು. ಆಮೇಲೆ ಬಂದು ತಗಾದೆ ತೆಗೆದವನು ಸಭೆಯ ಶಿಕ್ಷೆಗೆ ಪಾತ್ರನಾಗುವನು. ಸಾಕುವವರಿಗೆ ಕಾಯಿದೆಯ ಬೆಂಬಲವಿಲ್ಲದೆ ದಯೆ ಬಹಳ ದಿನ ಬಾಳದು ಎಂಬ ಸತ್ಯವನ್ನು ಆ ಬಿಷಪರು ಕಂಡುಕೊಂಡಿದ್ದರು. ಒಂದೂವರೆ ಸಾವಿರ ವರ್ಷಗಳ ನಂತರ ಭಾರತದ ಕ್ರೈಸ್ತರು ಇದೇ ಬೆಂಬಲಕ್ಕಾಗಿ ಕಾಯುವಂತಾಯಿತೆಂಬುದನ್ನು ಮುಂದೆ ನೋಡುವೆವು.

ಮಧ್ಯಯುಗದಲ್ಲಿ ಮನೆಗಿಂತ ಆಶ್ರಮಗಳು ಮುಂದಾದವು. ಫ್ಲಾರೆನ್ಸಿನ ಪ್ರಸಿದ್ಧ ಶಿಶುಗೃಹವು 1445ರಲ್ಲಿ ಬಾಗಿಲು ತೆರೆಯಿತು. ಆದರೆ ಅಂಥ ಗೃಹಗಳಲ್ಲಿಯೂ ಹಸುಗೂಸುಗಳನ್ನು ಹಾಲುಣಿಸಲು ಹಳ್ಳಿಯ ಮನೆಗಳಿಗೇ ಕಳುಹಿಸಬೇಕಾಗುತ್ತಿತ್ತು. ಸಂತ ವಿನ್ಸೆಂಟ್ ದೆ ಪೌಲರು 1638ರಲ್ಲಿ ಪ್ಯಾರಿಸಿನ ತೊರೆದ ಮಕ್ಕಳ ಕಾರ್ಯವನ್ನು ಕೈಗೆತ್ತಿಕೊಂಡಾಗ ಮೊದಲಿಗೆ ಹನ್ನೆರಡು ಶಿಶುಗಳನ್ನಷ್ಟೇ, ಅದೂ ಚೀಟಿ ಎತ್ತಿ ಆರಿಸಿಕೊಳ್ಳುವಷ್ಟು ಬಡತನವಿತ್ತು. ಎರಡು ವರ್ಷಗಳೊಳಗೆ ಎಲ್ಲರನ್ನೂ ಸ್ವೀಕರಿಸುವ ನಿರ್ಧಾರವಾಯಿತು. ಸಂತ ಲೂಯಿಸ್ ದೆ ಮರಿಲ್ಲಾಕರ ಕನ್ಯಾಸ್ತ್ರೀಯರು ಶಿಶುಗಳನ್ನು ಹಳ್ಳಿಯ ದಾದಿಯರಿಗೆ ಒಪ್ಪಿಸಿ, ಸಂಬಳ ಕೊಟ್ಟು, ಆಮೇಲೆ ಆ ಹಳ್ಳಿಗಳಿಗೆ ನಡೆದು ಹೋಗಿ ಮಗು ಹೇಗಿದೆಯೆಂದು ನೋಡಿಬರುತ್ತಿದ್ದರು. ಈ ನೋಡಿಬರುವ ಕೆಲಸವನ್ನು ವಾಚಕರು ಗಮನದಲ್ಲಿಡಬೇಕು.

ಇನ್ನು ನಾನು ಸ್ವಲ್ಪ ವಿಸ್ತಾರವಾಗಿ ಹೇಳಬೇಕೆಂದಿರುವ ಘಟನೆಗೆ ಬರುತ್ತೇನೆ. ಅದು ನಡೆದದ್ದು ಅಮೆರಿಕದಲ್ಲಿ, 1904ರಲ್ಲಿ. ಹತ್ತೊಂಬತ್ತನೆಯ ಶತಮಾನದ ನ್ಯೂಯಾರ್ಕ್ ನಗರದಲ್ಲಿ ಐರ್ಲೆಂಡಿನಿಂದ ವಲಸೆ ಬಂದ ಬಡ ಕಥೋಲಿಕರ ಮಕ್ಕಳು ಬೀದಿ ಪಾಲಾಗಿದ್ದರು. 1854ರಿಂದ ಪ್ರೊಟೆಸ್ಟಂಟ್ ಸಂಸ್ಥೆಯೊಂದು ಅಂಥ ಮಕ್ಕಳನ್ನು ರೈಲಿನಲ್ಲಿ ಪಶ್ಚಿಮದ ರೈತರ ಮನೆಗಳಿಗೆ ಕಳುಹಿಸತೊಡಗಿತು. ಮಕ್ಕಳಿಗೆ ಮನೆ ಸಿಕ್ಕಿತು, ಆದರೆ ಅನೇಕರು ತಮ್ಮ ಧರ್ಮವನ್ನು ಕಳೆದುಕೊಂಡರು. ಇದಕ್ಕೆ ಪ್ರತಿಯಾಗಿ ಸಿಸ್ಟರ್ಸ್ ಆಫ್ ಚಾರಿಟಿ ಕನ್ಯಾಸ್ತ್ರೀಯರು 1869ರಲ್ಲಿ ಸಿಸ್ಟರ್ ಐರೀನ್ ಅವರ ನಾಯಕತ್ವದಲ್ಲಿ ನ್ಯೂಯಾರ್ಕ್ ಫೌಂಡ್ಲಿಂಗ್ ಎಂಬ ಶಿಶುಗೃಹವನ್ನು ತೆರೆದರು. ಕಾಲಕ್ರಮದಲ್ಲಿ ಅವರೂ ಮಕ್ಕಳನ್ನು ರೈಲಿನಲ್ಲಿ ಕಳುಹಿಸಿದರು. ಒಂದು ಭೇದವಿತ್ತು. ದೂರದ ವಿಚಾರಣೆಯ ಗುರುಗಳಿಗೆ ಮುಂಚೆಯೇ ಕಾಗದ ಬರೆಯುತ್ತಿದ್ದರು, ಗುರುಗಳು ಒಪ್ಪಿದ ಕಥೋಲಿಕ ಕುಟುಂಬಗಳಿಗೆ ಮಾತ್ರ ಮಕ್ಕಳು ಹೋಗುತ್ತಿದ್ದರು.

ಅರಿಜೋನಾ ಪ್ರಾಂತದ ಕ್ಲಿಫ್ಟನ್ ಮತ್ತು ಮೊರೆನ್ಸಿ ಎಂಬವು ತಾಮ್ರದ ಗಣಿಯ ಊರುಗಳು. ಅಲ್ಲಿನ ಕಥೋಲಿಕರಲ್ಲಿ ಬಹುಮಂದಿ ಮೆಕ್ಸಿಕೊ ಮೂಲದ ಗಣಿ ಕೂಲಿಗಳು. ಕಾನ್ಸ್ಟಂಟ್ ಮಾಂದಿನ್ ಎಂಬ ಫ್ರೆಂಚ್ ಗುರುಗಳು ಅಲ್ಲಿಗೆ ಹೊಸದಾಗಿ ಬಂದಿದ್ದರು. ಶಿಶುಗೃಹದ ಕಾಗದವನ್ನು ಅವರು ದೇವಾಲಯದಲ್ಲಿ ತಿಳಿಸಿದಾಗ ಕೂಲಿಕಾರರ ಮನೆಗಳವರು ಮುಂದೆ ಬಂದರು. ಅಕ್ಟೋಬರ್ 1ರಂದು ರೈಲು ಬಂತು. ಮೂವರು ಕನ್ಯಾಸ್ತ್ರೀಯರು, ದಾದಿಯರು, ಶಿಶುಗೃಹದ ಒಬ್ಬ ಪ್ರತಿನಿಧಿ, ನಲವತ್ತು ಪುಟ್ಟ ಮಕ್ಕಳು. ಮಕ್ಕಳು ಬಿಳಿಯ ಬಣ್ಣದವರು, ಸಾಕಲು ಕಾದು ನಿಂತವರು ಕಂದು ಬಣ್ಣದವರು. ಊರಿನ ಬಿಳಿಯರಿಗೆ ಇದು ಸಹನೆಯಾಗಲಿಲ್ಲ. ಮರುದಿನ ರಾತ್ರಿ ಸುರಿಯುವ ಮಳೆಯಲ್ಲಿ ಬಂದೂಕು ಹಿಡಿದ ಗುಂಪುಗಳು ಮೆಕ್ಸಿಕನ್ ಮನೆಗಳಿಗೆ ನುಗ್ಗಿ ಮಕ್ಕಳನ್ನು ಹಾಸಿಗೆಯಿಂದ ಎತ್ತಿಕೊಂಡು ಹೋದವು. ಗುರುಗಳಿಗೂ ಪ್ರತಿನಿಧಿಗೂ ಪ್ರಾಣ ಬೆದರಿಕೆ ಬಂತು. ಕೊನೆಗೆ ಕನ್ಯಾಸ್ತ್ರೀಯರು ಇಪ್ಪತ್ತೊಂದು ಮಕ್ಕಳೊಡನೆ ನ್ಯೂಯಾರ್ಕಿಗೆ ಮರಳಿದರು. ಹತ್ತೊಂಬತ್ತು ಮಕ್ಕಳು ಅವರನ್ನು ಅಪಹರಿಸಿದವರ ಬಳಿಯೇ ಉಳಿದರು.

ಶಿಶುಗೃಹವು ನ್ಯಾಯಾಲಯಕ್ಕೆ ಹೋಯಿತು. 1905ರ ಜನವರಿಯಲ್ಲಿ ಅರಿಜೋನಾದ ಸರ್ವೋಚ್ಚ ನ್ಯಾಯಾಲಯವು, ಮೆಕ್ಸಿಕನ್ ಕುಟುಂಬಗಳು ತಮ್ಮ ಜನಾಂಗ ಮತ್ತು ಜೀವನ ಪದ್ಧತಿಯ ಕಾರಣದಿಂದ ಈ ಮಕ್ಕಳನ್ನು ಸಾಕಲು ಅಯೋಗ್ಯವೆಂದು ಹೇಳಿ, ಬಂದೂಕು ಹಿಡಿದವರ ಪಕ್ಷಕ್ಕೇ ತೀರ್ಪು ನೀಡಿತು. 1906ರ ಡಿಸೆಂಬರ್ 3ರಂದು ಅಮೆರಿಕದ ಸುಪ್ರೀಂ ಕೋರ್ಟ್ ಈ ಮೊಕದ್ದಮೆಯು ತನ್ನ ಅಧಿಕಾರ ವ್ಯಾಪ್ತಿಗೆ ಬರುವುದಿಲ್ಲವೆಂದು ಮೇಲ್ಮನವಿಯನ್ನು ತಳ್ಳಿಹಾಕಿತು. ಆ ಮೆಕ್ಸಿಕನ್ ತಾಯಂದಿರು ಒಂದು ದಿನದ ಮಟ್ಟಿಗೆ ಮಾತ್ರ ತಾಯಂದಿರಾಗಿದ್ದರು. ನ್ಯಾಯಾಲಯದಲ್ಲಿ ಅವರ ಮಾತನ್ನು ಯಾರೂ ಕೇಳಲಿಲ್ಲ. 1999ರಲ್ಲಿ ಲಿಂಡಾ ಗಾರ್ಡನ್ ಎಂಬ ಚರಿತ್ರಕಾರ್ತಿ ಈ ಪ್ರಕರಣವನ್ನು ಕುರಿತು ಇಡೀ ಗ್ರಂಥವನ್ನೇ ಬರೆದಿದ್ದಾರೆ.

ಅನ್ಯಾಯವು ಯಾರ ಕಡೆಯದೆಂಬುದರಲ್ಲಿ ಸಂದೇಹವಿಲ್ಲ. ಆದರೂ ಒಬ್ಬ ವಿಚಾರಣೆ ಗುರುವಾಗಿ ನಾನು ಆ ಫ್ರೆಂಚ್ ಗುರುಗಳ ಪಾತ್ರವನ್ನು ಮತ್ತೆ ಮತ್ತೆ ಯೋಚಿಸಿದ್ದೇನೆ. ಅವರು ಬಂದು ಹೆಚ್ಚು ಕಾಲವಾಗಿರಲಿಲ್ಲ, ಜನರ ಭಾಷೆ ಅವರಿಗೆ ಸರಿಯಾಗಿ ತಿಳಿದಿರಲಿಲ್ಲ. ಅವರು ಕೊಟ್ಟ ಶಿಫಾರಸು ಕುಟುಂಬಗಳ ಒಳಹೊರಗನ್ನು ಬಲ್ಲವರ ಶಿಫಾರಸಾಗಿರಲು ಸಾಧ್ಯವಿರಲಿಲ್ಲ. ಮಕ್ಕಳನ್ನು ಒಪ್ಪಿಸುವ ಮೊದಲು ಮನೆಗಳನ್ನು ನೋಡಿಬಂದವರಿಲ್ಲ. ಸಂತ ವಿನ್ಸೆಂಟರ ಕನ್ಯಾಸ್ತ್ರೀಯರು ಹಳ್ಳಿಗಳಿಗೆ ನಡೆದು ಹೋಗುತ್ತಿದ್ದುದನ್ನು ಇಲ್ಲಿ ಸ್ಮರಿಸಬಹುದು. ಗುರುಗಳ ಸಹಿ ಸುಲಭವಾಗಿ ಸಿಗುವ ವಸ್ತುವಾಗಬಾರದು. ಇದನ್ನು ನನ್ನ ಕಛೇರಿಗೆ ಪ್ರಮಾಣಪತ್ರಕ್ಕಾಗಿ ಬರುವ ಮಿತ್ರರು ಕೇಳಿ ಬೇಸರಪಡಬಾರದು.

ಅರಿಜೋನಾದಲ್ಲಿ ಧರ್ಮಸಭೆಯು ನೊಂದ ಪಕ್ಷದಲ್ಲಿತ್ತು. ಫ್ರಾನ್ಸಿನಲ್ಲಿ ನಡೆದ ಇನ್ನೊಂದು ಪ್ರಕರಣದಲ್ಲಿ ನೋಯಿಸಿದ ಪಕ್ಷದಲ್ಲಿತ್ತು. ಶತಮಾನೋತ್ಸವದ ಸಂಚಿಕೆಯಲ್ಲಿ ಇದನ್ನು ಬರೆಯಬೇಕೇ ಎಂದು ಒಬ್ಬ ಮಿತ್ರರು ಕೇಳಿದರು. ಬರೆಯಬೇಕೆಂದೇ ನನ್ನ ಅಭಿಪ್ರಾಯ. 1944ರ ಫೆಬ್ರವರಿಯಲ್ಲಿ ಗ್ರೆನೋಬಲ್ ನಗರದ ಬಳಿ ಫಿನಾಲಿ ಎಂಬ ಯೆಹೂದಿ ದಂಪತಿಗಳನ್ನು ನಾಜಿಗಳು ಬಂಧಿಸಿ ಆಶ್ವಿಟ್ಸಿಗೆ ಸಾಗಿಸಿದರು. ಅವರ ಇಬ್ಬರು ಪುಟ್ಟ ಗಂಡುಮಕ್ಕಳನ್ನು ನಗರದ ಶಿಶುವಿಹಾರದ ಮುಖ್ಯಸ್ಥೆಯಾದ ಆಂತ್ವಾನೆತ್ ಬ್ರೂನ್ ಎಂಬ ಕಥೋಲಿಕ ಮಹಿಳೆ ಕಾಪಾಡಿದರು. ಅದು ಸಾಹಸದ ಕಾರ್ಯ. ಯುದ್ಧ ಮುಗಿದ ಮೇಲೆ ಮಕ್ಕಳ ಸೋದರತ್ತೆಯರು ಮಕ್ಕಳನ್ನು ಕೇಳಿದರು. ಆಕೆ ಕೊಡಲಿಲ್ಲ. 1948ರಲ್ಲಿ ಮಕ್ಕಳಿಗೆ ಜ್ಞಾನಸ್ನಾನ ಮಾಡಿಸಿದರು. ನ್ಯಾಯಾಲಯದ ಆಜ್ಞೆಯನ್ನೂ ಮೀರಿ ಕೆಲವು ಕನ್ಯಾಸ್ತ್ರೀಯರೂ ಗುರುಗಳೂ ಆ ಮಕ್ಕಳನ್ನು ಬೇರೆ ಬೇರೆ ಶಾಲೆಗಳಲ್ಲಿ ಬಚ್ಚಿಟ್ಟು, 1953ರಲ್ಲಿ ಬೆಟ್ಟ ದಾಟಿಸಿ ಸ್ಪೇನಿಗೆ ಸಾಗಿಸಿದರು. ದೇಶವೆಲ್ಲ ಕೋಲಾಹಲವಾಯಿತು. ಅದೇ ವರ್ಷದ ಬೇಸಿಗೆಯಲ್ಲಿ ಮಕ್ಕಳು ಬಂಧುಗಳ ಕೈಸೇರಿ ಇಸ್ರೇಲಿಗೆ ತೆರಳಿದರು.

ಪ್ರಾಣ ಉಳಿಸಿದ ಪ್ರೀತಿಯೇ ಕೊನೆಗೆ ಹಿಡಿತವಾಗಿ ಪರಿಣಮಿಸಿದ ದುಃಖದ ಕಥೆಯಿದು. ಸಾಕುವವರಿಗೆ ಇದಕ್ಕಿಂತ ದೊಡ್ಡ ಶೋಧನೆ ಇನ್ನೊಂದಿಲ್ಲ. ಹೆತ್ತವರಾಗಲಿ ಅವರ ಸ್ಥಾನದಲ್ಲಿರುವವರಾಗಲಿ, ಕನಿಷ್ಠ ಒಬ್ಬರಾದರೂ, ಒಪ್ಪದೆ ಶಿಶುವಿಗೆ ಜ್ಞಾನಸ್ನಾನ ಕೊಡುವುದು ನ್ಯಾಯಸಮ್ಮತವಲ್ಲವೆಂದು 1983ರ ಧರ್ಮಸಭಾ ಕಾಯಿದೆಯ 868ನೆಯ ವಿಧಿ ಸ್ಪಷ್ಟವಾಗಿ ಹೇಳುತ್ತದೆ, ಪ್ರಾಣಾಪಾಯದ ಸಮಯವೊಂದನ್ನು ಮಾತ್ರ ಬೇರೆಯಾಗಿ ಪರಿಗಣಿಸುತ್ತದೆ. ಭಾರತವು 1992ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯೂ, ಮನೆ ಕಳೆದುಕೊಂಡ ಮಗುವಿನ ಧರ್ಮ, ಭಾಷೆ, ಸಂಸ್ಕೃತಿಗಳನ್ನು ಗಮನಿಸಿ ಅದಕ್ಕೆ ನೆಲೆ ಕಲ್ಪಿಸಬೇಕೆನ್ನುತ್ತದೆ. ಕ್ರೈಸ್ತ ಸಾಕುಮನೆ ಎಂದರೆ ಕ್ರೈಸ್ತರನ್ನು ಹೆಚ್ಚಿಸುವ ಮನೆ ಎಂದು ಯಾರಾದರೂ ತಿಳಿದಿದ್ದರೆ ಆ ತಿಳುವಳಿಕೆ ತಪ್ಪು.

ನಮ್ಮ ನಾಡಿನ ಸಂಗತಿಯನ್ನು ಈಗ ಹೇಳುತ್ತೇನೆ. 1876ರಿಂದ 1878ರವರೆಗಿನ ಮಹಾ ಕ್ಷಾಮದಲ್ಲಿ ಮೈಸೂರು ಸಂಸ್ಥಾನವು ಕಂಡ ಸಾವುನೋವು ಅಪಾರ. 1871ರ ಜನಗಣತಿಯಲ್ಲಿ ಐವತ್ತು ಲಕ್ಷಕ್ಕೂ ಮೀರಿದ್ದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ರಸ್ತೆಬದಿಯಲ್ಲಿ ಉಳಿದ ಮಕ್ಕಳನ್ನು ಮಿಷನರಿಗಳು, ಕನ್ಯಾಸ್ತ್ರೀಯರು ಕಲೆಹಾಕಿ ಅನಾಥಾಲಯಗಳನ್ನು ತೆರೆದರು. ಜಮೀನು ಕೊಂಡು ಆ ಮಕ್ಕಳಿಗಾಗಿ ಊರು ಕಟ್ಟಿದ್ದೂ ಉಂಟು. ಸಾವಿರಾರು ಮಕ್ಕಳು ಒಟ್ಟಿಗೆ ಬಂದಾಗ ಬೇರೆ ದಾರಿ ಇರಲಿಲ್ಲ, ಕ್ಷಾಮದಲ್ಲಿ ಯಾವ ಮನೆಯ ಒಲೆಯೂ ಉರಿಯುತ್ತಿರಲಿಲ್ಲ. ಆದರೆ ಕ್ಷಾಮ ಮುಗಿದ ಮೇಲೂ ಆ ಅಭ್ಯಾಸ ಉಳಿಯಿತು. ಅನಾಥ ಮಗು ಎಂದೊಡನೆ ಅನಾಥಾಲಯ ಎನ್ನುವುದು ನಮ್ಮ ಮನಸ್ಸಿನಲ್ಲಿ ಬೇರೂರಿತು.

ಇದಕ್ಕೆ ನಾನೂ ಹೊರತಾಗಿರಲಿಲ್ಲ. ಗುರುಪಟ್ಟ ಪಡೆದ ಹೊಸತರಲ್ಲಿ ಒಂದು ಹಳ್ಳಿಯ ವಿಚಾರಣೆಯಲ್ಲಿ ಸಹಾಯಕನಾಗಿದ್ದೆ. ಒಬ್ಬ ವಿಧವೆ ತೀರಿಕೊಂಡಳು, ಆರು ವರ್ಷದ ಹುಡುಗ ಉಳಿದನು. ನೆರೆಮನೆಯ ಕೂಲಿಯಾಳಿನ ಹೆಂಡತಿ ಬಂದು, “ಸ್ವಾಮಿ, ನಮ್ಮ ಮನೇಲಿ ಮೂರು ಮಕ್ಕಳು ಉಣ್ಣುತ್ತವೆ, ಇವನೊಬ್ಬ ನಾಲ್ಕನೆಯವನಾಗಲಿ” ಎಂದಳು. ಅವರ ಬಡತನವನ್ನು ನೋಡಿ ನಾನು ಒಪ್ಪಲಿಲ್ಲ. ಹುಡುಗನಿಗೆ ವಿದ್ಯೆ, ಬಟ್ಟೆ, ಹೊತ್ತಿಗೆ ಸರಿಯಾಗಿ ಊಟ ಸಿಗುತ್ತದೆಂದು ದೂರದ ಒಂದು ಆಶ್ರಮಕ್ಕೆ ನಾನೇ ಬಸ್ಸಿನಲ್ಲಿ ಕರೆದೊಯ್ದು ಬಿಟ್ಟುಬಂದೆ. ಅಲ್ಲಿಯವರು ಒಳ್ಳೆಯವರೇ. ಮೂರು ತಿಂಗಳಲ್ಲಿ ಎರಡು ಸಲ ಆ ಹುಡುಗ ತಪ್ಪಿಸಿಕೊಂಡು ಹಳ್ಳಿಗೆ ಬಂದನು, ಎರಡು ಸಲವೂ ನೇರವಾಗಿ ಆ ಹೆಂಗಸಿನ ಬಾಗಿಲಿಗೆ. ಎರಡನೆಯ ಸಲ ಆಕೆ ಅವನನ್ನು ನನ್ನ ಬಳಿಗೆ ಕರೆತಂದಳು, ಏನೂ ಮಾತನಾಡಲಿಲ್ಲ, ಅವನ ಕೈಯನ್ನೂ ಬಿಡಲಿಲ್ಲ. ಆಮೇಲೆ ಅವನು ಅಲ್ಲೇ ಉಳಿದನು. ಆ ಮನೆಯ ಅಕ್ಕಿಗೂ ಹುಡುಗನ ಪುಸ್ತಕಕ್ಕೂ ವಿಚಾರಣೆಯಿಂದ ಸಹಾಯ ಮಾಡುವ ಉಪಾಯ ನನಗೆ ಮೊದಲೇ ಹೊಳೆಯಬೇಕಿತ್ತು. ‘ದಿದಸ್ಕಾಲಿಯ’ವನ್ನು ಸೆಮಿನರಿಯಲ್ಲಿ ಓದಿ ಪರೀಕ್ಷೆಯಲ್ಲಿ ಅಂಕ ಗಳಿಸಿದವನು ನಾನು!

ಇಷ್ಟಾದರೂ ಆ ಹೆಂಗಸು ಕಾಯಿದೆಯ ಕಣ್ಣಿನಲ್ಲಿ ಅವನ ತಾಯಿಯಾಗಲಿಲ್ಲ. 1956ರ ದತ್ತಕ ಕಾಯಿದೆಯು ಹಿಂದೂ, ಬೌದ್ಧ, ಜೈನ, ಸಿಖ್ಖರಿಗೆ ಮಾತ್ರ ಅನ್ವಯಿಸುತ್ತಿತ್ತು. ಕ್ರೈಸ್ತರಿಗೆ ಉಳಿದದ್ದು 1890ರ ಪೋಷಕ ಮತ್ತು ಪಾಲ್ಯರ ಕಾಯಿದೆ. ಅದರಡಿಯಲ್ಲಿ ಪೋಷಕರಾಗಬಹುದು, ತಂದೆತಾಯಿ ಆಗುವಂತಿರಲಿಲ್ಲ. ಮಗು ಪ್ರಾಪ್ತ ವಯಸ್ಸಿಗೆ ಬಂದೊಡನೆ ಆ ನಂಟು ಮುಗಿಯುತ್ತಿತ್ತು, ಆಸ್ತಿಯಲ್ಲಿ ಹಕ್ಕು ಇರುತ್ತಿರಲಿಲ್ಲ. ಎಲ್ಲ ಧರ್ಮದವರಿಗೂ ಅನ್ವಯಿಸುವ ಮಸೂದೆಗಳು 1972ರಲ್ಲಿ ಮತ್ತು 1980ರಲ್ಲಿ ಸಂಸತ್ತಿಗೆ ಬಂದವು, ಎರಡೂ ಕಾಯಿದೆಯಾಗಲಿಲ್ಲ. 1999ರಲ್ಲಿ ಕೇರಳ ಹೈಕೋರ್ಟು ಕ್ರೈಸ್ತ ದಂಪತಿಗಳ ದತ್ತುಪುತ್ರನಿಗೆ ಆಸ್ತಿಯ ಹಕ್ಕನ್ನು ಮಾನ್ಯ ಮಾಡಿತು. 2000ದ ಬಾಲನ್ಯಾಯ ಕಾಯಿದೆ, ಅದಕ್ಕೆ 2006ರಲ್ಲಿ ಆದ ತಿದ್ದುಪಡಿ, ಬಳಿಕ 2015ರ ಹೊಸ ಕಾಯಿದೆ, ಇವುಗಳಿಂದ ಯಾವ ಧರ್ಮದವರೇ ಆಗಲಿ ದತ್ತು ಸ್ವೀಕರಿಸಿ ಪೂರ್ಣ ಅರ್ಥದಲ್ಲಿ ತಂದೆತಾಯಿಗಳಾಗುವ ಮಾರ್ಗ ತೆರೆಯಿತು.

ದತ್ತು ಬೇರೆ, ಸಾಕುವುದು ಬೇರೆ. ಇವೆರಡನ್ನೂ ನಮ್ಮ ಜನ ಒಂದೇ ಎಂದು ತಿಳಿಯುತ್ತಾರೆ. 2015ರ ಕಾಯಿದೆಯ 44ನೆಯ ವಿಧಿಯಂತೆ ಸಾಕು ಪೋಷಣೆಯಲ್ಲಿ ಮಗು ಕೆಲವು ಕಾಲ ಇನ್ನೊಂದು ಕುಟುಂಬದಲ್ಲಿ ಬೆಳೆಯುತ್ತದೆ. ಹೆತ್ತವರು ಬದುಕಿರಬಹುದು, ಕಾಯಿಲೆಯಲ್ಲೋ ಸೆರೆಯಲ್ಲೋ ಇರಬಹುದು, ಬಂದು ಮಗುವನ್ನು ನೋಡಬಹುದು, ಪರಿಸ್ಥಿತಿ ಸುಧಾರಿಸಿದರೆ ಮಗು ಹಿಂದಿರುಗಬಹುದು. ಮಗುವನ್ನು ಒಪ್ಪಿಸುವ ಅಧಿಕಾರ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೆ ಸೇರಿದ್ದು. ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರು ಮನೆಯನ್ನು ನೋಡಿ ವರದಿ ಕೊಡುತ್ತಾರೆ. 2024ರ ಪರಿಷ್ಕೃತ ಮಾರ್ಗಸೂಚಿಯ ಪ್ರಕಾರ ದಂಪತಿಗಳು ಮಾತ್ರವಲ್ಲದೆ 35 ವರ್ಷ ಮೀರಿದ ಒಂಟಿ ಸ್ತ್ರೀಪುರುಷರೂ ಮುಂದೆ ಬರಬಹುದು, ದಂಪತಿಗಳಾದರೆ ಕನಿಷ್ಠ ಎರಡು ವರ್ಷದ ಸ್ಥಿರ ದಾಂಪತ್ಯ ಇರಬೇಕು. ಹೆತ್ತವರಿಗೆ ಮರಳುವ ಸಾಧ್ಯತೆಯಿಲ್ಲದ, ದತ್ತುವಿಗೆ ಮುಕ್ತವೆಂದು ಘೋಷಿತವಾದ ಮಗುವನ್ನು ಎರಡು ವರ್ಷ ಸಾಕಿದ ಕುಟುಂಬವು ದತ್ತುವಿಗೆ ಅರ್ಜಿ ಸಲ್ಲಿಸಬಹುದು, ಹಿಂದೆ ಇದಕ್ಕೆ ಐದು ವರ್ಷ ಬೇಕಾಗುತ್ತಿತ್ತು. ‘ಮಿಷನ್ ವಾತ್ಸಲ್ಯ’ ಯೋಜನೆಯಲ್ಲಿ ಮಗುವಿನ ಪೋಷಣೆಗೆ ತಿಂಗಳಿಗೆ 4,000 ರೂಪಾಯಿ ಸಹಾಯಧನವೂ ಗೊತ್ತಾಗಿದೆ. ಗುರುಗಳಾಗಲಿ ಕನ್ಯಾಸ್ತ್ರೀಯರಾಗಲಿ ಯಾರಾದರೂ ಬಾಗಿಲಲ್ಲಿ ಬಿಟ್ಟುಹೋದ ಶಿಶುವನ್ನು ತಾವೇ ಒಂದು ಮನೆಗೆ ಕೊಟ್ಟುಬಿಡುವ ಹಳೆಯ ಕಾಲ ಈಗಿಲ್ಲ. ಇಪ್ಪತ್ತನಾಲ್ಕು ಗಂಟೆಗಳೊಳಗೆ ತಿಳಿಸತಕ್ಕದ್ದು, 1098ಕ್ಕೆ ಕರೆ ಮಾಡಿದರೂ ಆಗುತ್ತದೆ. ವೇಸೋನಿನ ಬಿಷಪರು ಬಲಿಪೀಠದಿಂದ ಸಾರಿಸುತ್ತಿದ್ದುದನ್ನು ಈಗ ಸಮಿತಿಯು ಮಾಡುತ್ತದೆಯೆನ್ನಬಹುದು.

ಹಾಗಾದರೆ ವಿಚಾರಣೆಗೆ ಉಳಿದ ಕೆಲಸವೇನು? ಬಹಳವಿದೆ. ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಶ್ರೀಸಾಮಾನ್ಯರ ಪ್ರೇಷಿತ ಕಾರ್ಯವನ್ನು ಕುರಿತ ಆಜ್ಞಾಪತ್ರದಲ್ಲಿ ಕುಟುಂಬಗಳು ಮಾಡಬಹುದಾದ ಸೇವೆಗಳನ್ನು ಹೆಸರಿಸುವಾಗ, ತೊರೆದ ಶಿಶುಗಳನ್ನು ಮಕ್ಕಳಾಗಿ ಸ್ವೀಕರಿಸುವುದನ್ನೇ ಮೊದಲನೆಯದಾಗಿ ಹೇಳಿತು. ಜಗದ್ಗುರು ಎರಡನೆಯ ಜಾನ್ ಪಾಲರು 1981ರಲ್ಲಿ ಕುಟುಂಬವನ್ನು ಕುರಿತ ಪ್ರೇಷಿತ ಪತ್ರದಲ್ಲಿ ದತ್ತು ಮತ್ತು ಸಾಕುವಿಕೆ ಎರಡಕ್ಕೂ ಹೆಚ್ಚಿನ ಸಿದ್ಧತೆಯನ್ನು ಕೋರಿದರು. ಇಂಥ ಪತ್ರಗಳು ನಮ್ಮ ಕಪಾಟಿನಲ್ಲಿ ಬಹಳ ದಿನ ನಿದ್ರಿಸಿದವು. ಕಳೆದ ವರ್ಷ ತಪಸ್ಸು ಕಾಲದಲ್ಲಿ ನಾನು ಈ ವಿಷಯವಾಗಿ ಪ್ರಬೋಧನೆ ಮಾಡಿದಾಗ ಎರಡು ಕುಟುಂಬಗಳು ಮುಂದೆ ಬಂದವು. ಒಂದು ಕುಟುಂಬದವರು ಹಿರಿಯರ ವಿರೋಧದಿಂದ ಹಿಂದೆ ಸರಿದರು. “ಯಾವ ಜಾತಿಯ ಮಗುವೋ ಏನೋ” ಎಂಬ ಮಾತು ಆ ಮನೆಯಲ್ಲಿ ಬಂತೆಂದು ಕೇಳಿ ನನಗೆ ಅರಿಜೋನಾದ ನ್ಯಾಯಾಧೀಶರ ನೆನಪಾಯಿತು. ದೀಕ್ಷೆ ಪಡೆದ ನಾವು ಇನ್ನೂ ಹೀಗೆ ಮಾತನಾಡುವುದು ಹೇಗೆಂದು ನಾನು ಅವರನ್ನೇ ಕೇಳಿದೆ, ಅವರು ಉತ್ತರಿಸಲಿಲ್ಲ.

ಇನ್ನೊಂದು ಕುಟುಂಬದಲ್ಲಿ ಒಬ್ಬಳು ಎಂಟು ವರ್ಷದ ಹುಡುಗಿ ಈಗ ಏಳು ತಿಂಗಳಿಂದ ಇದ್ದಾಳೆ. ಅವಳು ಕ್ರೈಸ್ತಳಲ್ಲ. ಅವಳ ತಾಯಿ ಚಿಕಿತ್ಸೆಯಲ್ಲಿದ್ದಾಳೆ, ತಿಂಗಳಿಗೊಮ್ಮೆ ಬಂದು ಮಗಳನ್ನು ಕಾಣುತ್ತಾಳೆ. ಭಾನುವಾರ ಮನೆಯವರೆಲ್ಲ ಬಲಿಪೂಜೆಗೆ ಬಂದಾಗ ಆ ಹುಡುಗಿ ಬರಬೇಕೆಂದು ಯಾರೂ ಒತ್ತಾಯಿಸುವುದಿಲ್ಲ. ಸಾಮಾನ್ಯವಾಗಿ ಆಕೆ ಹೊರಗೆ ಹುಣಿಸೆ ಮರದ ಕೆಳಗೆ ಸಂತ ವಿನ್ಸೆಂಟ್ ದೆ ಪೌಲರ ಸಭೆಯ ಅಜ್ಜಿಯೊಬ್ಬರ ಜೊತೆ ಕುಳಿತಿರುತ್ತಾಳೆ. ಆ ಸಭೆಯವರು ಸರದಿಯ ಮೇಲೆ ವಾರಕ್ಕೊಮ್ಮೆ ಆ ಮನೆಗೆ ಹೋಗಿಬರುತ್ತಾರೆ. ಪಾಠ ಹೇಳಿಕೊಡಲು ನಮ್ಮ ಶಾಲೆಯ ನಿವೃತ್ತ ಉಪಾಧ್ಯಾಯಿನಿಯೊಬ್ಬರು ಒಪ್ಪಿದ್ದಾರೆ. ಸಾಕುತಾಯಿಗೆ ಜ್ವರ ಬಂದ ವಾರ ಅಡಿಗೆಯನ್ನು ನೆರೆಯ ಮೂರು ಮನೆಯವರು ಹಂಚಿಕೊಂಡರು. ತಾಯಿ ಗುಣವಾದರೆ ಹುಡುಗಿ ಹೋಗುವ ದಿನ ಬರುತ್ತದೆ. ಆ ದಿನಕ್ಕೆ ಮನಸ್ಸನ್ನು ಸಿದ್ಧಮಾಡಿಕೊಳ್ಳುವುದು ತಮಗೆ ಅತ್ಯಂತ ಕಷ್ಟದ ಪಾಠವಾಗಿದೆಯೆಂದು ಸಾಕುತಂದೆ ನನ್ನೊಡನೆ ಹೇಳಿದರು. ನಾನು ಅವರಿಗೆ ಫಿನಾಲಿ ಮಕ್ಕಳ ಕಥೆಯನ್ನು ಹೇಳಿದೆ. ಅವರು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಹುಡುಗಿಯ ತಾಯಿಯ ಊರಿಗೆ ಬಸ್ಸು ಎಷ್ಟು ಹೊತ್ತಿಗಿದೆಯೆಂದು ವಿಚಾರಿಸಿದರು. ಬರುವ ಸಲ ತಾವೇ ಹುಡುಗಿಯನ್ನು ಕರೆದುಕೊಂಡು ಹೋಗಿ ತಾಯಿಯನ್ನು ನೋಡಿಸಿಕೊಂಡು ಬರಲು ಸಮಿತಿಯ ಅನುಮತಿ ಕೇಳುವುದಾಗಿ ಹೇಳಿ ಹೊರಟರು.